ರಾಕಿ ಭಾಯ್ ಮತ್ತು ಯರೇಹಂಚಿನಾಳದ ಶಿವಮ್ಮ

ನಾವು ಕನ್ನಡದವರೆಂದು ಗೊತ್ತಾದ ಕೂಡಲೇ ಪುಣೆಯ ಜನ ಆಡುವ ಮೊದಲ ಮಾತು ಕಳೆದ ಏಳೆಂಟು ವರ್ಷಗಳಲ್ಲಿ ಬದಲಾಗಿದೆ. ಮೊದಲು ‘ಬೆಂಗಳೂರಾ?’ ಎಂದು ಕೇಳುತ್ತಿದ್ದರು. ಇಲ್ಲವೇ ಬೆಳಗಾವಿಯ ವಿಷಯ ತೆಗೆದು, ಜಗಳ ಬೇಡವೆಂದು ತಾವೇ ನಕ್ಕು ಸುಮ್ಮನಾಗುತ್ತಿದ್ದರು. ಈಗ ಆಟೊ ಓಡಿಸುವವರಿಂದ ಹಿಡಿದು ಹಿಂಜವಡಿಯ ಆಫೀಸಿನ ಹೊಸ ಹುಡುಗರವರೆಗೆ ಎಲ್ಲರ ಬಾಯಲ್ಲೂ ‘ಕೆಜಿಎಫ್’, ‘ಕಾಂತಾರ’. ಇದರಿಂದ ಎದೆ ಉಬ್ಬುವುದಿಲ್ಲ ಎಂದರೆ ಸುಳ್ಳಾದೀತು. ಊರು ಬಿಟ್ಟು ಬಂದವರಿಗೆ ತಮ್ಮ ಭಾಷೆಯ ಹೆಸರನ್ನು ಪರರ ಬಾಯಲ್ಲಿ ಕೇಳುವ ಸುಖ ಏನೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದು ವಿಷಯ ಗಮನಿಸಿ. ಅವರಿಗೆ ಗೊತ್ತಿರುವ ರಾಕಿ ಭಾಯ್ ಹಿಂದಿಯಲ್ಲಿ ಮಾತನಾಡುತ್ತಾನೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೂ ಅವನು ಹಿಂದಿಯವನೇ.

‘ಕೆಜಿಎಫ್’ನ ಮೊದಲ ಅಧ್ಯಾಯ 2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ತೆರೆಗೆ ಬಂತು. 2022ರ ಏಪ್ರಿಲ್ 14ರಂದು ಬಂದ ಎರಡನೆಯದು ಜಗತ್ತಿನಾದ್ಯಂತ ಸುಮಾರು 1,200 ಕೋಟಿ ರೂಪಾಯಿ ಗಳಿಸಿತೆಂದು ವ್ಯಾಪಾರದ ಲೆಕ್ಕಗಳು ಹೇಳಿದವು. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಬಂತು. ಖರ್ಚು ಸುಮಾರು 16 ಕೋಟಿ, ಗಳಿಕೆ 400 ಕೋಟಿಯ ಆಸುಪಾಸು. ‘ಕಾಂತಾರ’ ಮೊದಲ ಎರಡು ವಾರ ಕನ್ನಡದಲ್ಲಿ ಮಾತ್ರ ಇತ್ತು. ಹಿಂದಿ ಡಬ್ಬಿಂಗ್ ಬಂದದ್ದು ಅಕ್ಟೋಬರ್ 14ಕ್ಕೆ. ಆ ಎರಡು ವಾರ ಕನ್ನಡ ಬಾರದ ಗೆಳೆಯರು ಕೆಳಗಿನ ಇಂಗ್ಲಿಷ್ ಸಾಲು ಓದಿಕೊಂಡು ಕುಂದಾಪುರದ ಕನ್ನಡ ಕೇಳಿದರು. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಸುದ್ದಿ ಕೋಟಿಗಳ ಲೆಕ್ಕವಲ್ಲ, ಈ ಎರಡು ವಾರ.

ಅದೇ ಅಕ್ಟೋಬರ್ ನಡುವಿನಲ್ಲಿ ಕನ್ನಡಕ್ಕೆ ಇನ್ನೊಂದು ಸುದ್ದಿ ಬಂತು. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ತಯಾರಾದ ‘ಶಿವಮ್ಮ ಯರೇಹಂಚಿನಾಳ’ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಗೆದ್ದಿತು. ಏಷ್ಯಾದ ಹೊಸ ನಿರ್ದೇಶಕರಿಗೆ ಸಿಗುವ ದೊಡ್ಡ ಗೌರವಗಳಲ್ಲಿ ಇದೂ ಒಂದು. ನಿರ್ದೇಶಕ ಜೈಶಂಕರ್ ಆರ್ಯರ್ ಸ್ವಂತ ಊರಿನಲ್ಲೇ ಚಿತ್ರೀಕರಿಸಿದ್ದರು. ಶಿವಮ್ಮನಾದ ಶರಣಮ್ಮ ಚೆಟ್ಟಿ ಹೆಸರಾಂತ ನಟಿಯೇನಲ್ಲ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸೊಬ್ಬಳು ಶಕ್ತಿವರ್ಧಕ ಪೇಯ ಮಾರುವ ಚೈನ್ ವ್ಯಾಪಾರಕ್ಕೆ ದುಡ್ಡು ಹಾಕಿ, ಊರವರನ್ನೂ ಅದಕ್ಕೆ ಎಳೆಯುವ ಕತೆ ಅದು. ‘ಕಾಂತಾರ’ಕ್ಕೆ ಪುಣೆಯ ತುಂಬ ಹಬ್ಬಲು ಎರಡು ವಾರ ಸಾಕಾಯಿತು. ‘ಶಿವಮ್ಮ’ ಕರ್ನಾಟಕದ ಚಿತ್ರಮಂದಿರಕ್ಕೆ ಬಂದದ್ದು 2024ರ ಜೂನ್‌ನಲ್ಲಿ, ಪ್ರಶಸ್ತಿ ಬಂದ ಇಪ್ಪತ್ತು ತಿಂಗಳ ಮೇಲೆ.

ಇನ್ನೂ ಒಂದು ಮಾತು ಸೇರಿಸಬೇಕು. ಈ ಎರಡು ಚಿತ್ರಗಳ ಹಿಂದೆಯೂ ಒಬ್ಬನೇ ಮನುಷ್ಯನಿದ್ದಾನೆ. ‘ಶಿವಮ್ಮ’ನಿಗೆ ಬಂಡವಾಳ ಹಾಕಿದವರು ರಿಷಬ್ ಶೆಟ್ಟಿ. ಹಾಗಾಗಿ ‘ದೊಡ್ಡ ಚಿತ್ರ ಸಣ್ಣ ಚಿತ್ರವನ್ನು ನುಂಗುತ್ತಿದೆ’ ಎಂಬ ಸುಲಭದ ಗೊಣಗಾಟಕ್ಕೆ ನಾನು ತಲೆಯಾಡಿಸಲಾರೆ. ತಾರಾಪಟ್ಟ ಒಂದು ಬಗೆಯ ದುಡಿದ ದುಡ್ಡು. ಅದನ್ನು ಯಾರು, ಯಾವುದಕ್ಕೆ ಖರ್ಚು ಮಾಡುತ್ತಾರೆ ಎಂಬುದೇ ಪ್ರಶ್ನೆ.

ತಾರೆಯ ಹೆಸರು, ಸಣ್ಣ ಚಿತ್ರದ ಉಸಿರು

ಕನ್ನಡದಲ್ಲಿ ಈ ಖರ್ಚಿಗೆ ಒಳ್ಳೆಯ ಪರಂಪರೆಯೇ ಇದೆ. ಡಾ. ರಾಜ್‌ಕುಮಾರ್ ಅವರೊಂದಿಗೆ ನಾಯಕಿಯಾಗಿ ನಟಿಸಿದ್ದ ಜಯಮಾಲಾ 1997ರಲ್ಲಿ ಗಿರೀಶ ಕಾಸರವಳ್ಳಿಯವರ ‘ತಾಯಿ ಸಾಹೇಬ’ವನ್ನು ತಾವೇ ನಿರ್ಮಿಸಿ ನಟಿಸಿದರು, ಚಿತ್ರಕ್ಕೆ ಸ್ವರ್ಣಕಮಲ ಬಂತು. ತೆಲುಗಿನಲ್ಲಿ ಬೇಡಿಕೆಯ ತುದಿಯಲ್ಲಿದ್ದ ಸೌಂದರ್ಯ, ಅದೇ ಕಾಸರವಳ್ಳಿಯವರ ‘ದ್ವೀಪ’ಕ್ಕೆ ಬಂಡವಾಳ ಹಾಕಿ, ಮುಳುಗಡೆಯ ಊರಿನ ಹೆಣ್ಣುಮಗಳಾಗಿ ಮಳೆಯಲ್ಲಿ ನೆನೆದರು, ಅದಕ್ಕೂ ಸ್ವರ್ಣಕಮಲ ಬಂತು. ಪ್ರೇಕ್ಷಕರು ನಗೆನಟಿಯೆಂದು ಬದಿಗಿಟ್ಟಿದ್ದ ಉಮಾಶ್ರೀ 2008ರ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿಯಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ವೈದೇಹಿಯವರ ಕತೆಯಿಂದ ಹುಟ್ಟಿದ ಆ ಚಿತ್ರದ ವಸ್ತುವೇ ಸಿನಿಮಾ ಹುಚ್ಚು, ಟಿವಿ ಬಂದ ಮೇಲೆ ಬೀದಿಯಲ್ಲಿ ಆಗುವ ಬದಲಾವಣೆ.

ಪುನೀತ್ ರಾಜ್‌ಕುಮಾರ್ ತಮ್ಮ ಪಿಆರ್‌ಕೆ ಪ್ರೊಡಕ್ಷನ್ಸ್‌ನಿಂದ ‘ಕವಲುದಾರಿ’ಯಂತಹ ಚಿತ್ರಗಳಿಗೆ ಹಣ ಹಾಕಿದರು, ಅವುಗಳಲ್ಲಿ ನಾಯಕ ಅವರಲ್ಲ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ನಾವೆಲ್ಲ ಕಳೆದುಕೊಂಡದ್ದು ಒಬ್ಬ ನಾಯಕನನ್ನು ಮಾತ್ರ ಅಲ್ಲ, ಹೊಸಬರ ಪಾಲಿನ ಒಂದು ಬಾಗಿಲನ್ನು ಕೂಡ. ಅದೇ ತಿಂಗಳು ಬೂಸಾನ್‌ನಲ್ಲಿ ನಟೇಶ್ ಹೆಗಡೆಯವರ ‘ಪೆಡ್ರೊ’ ತೋರಿಸಲಾಗಿತ್ತು. ಅದರ ನಿರ್ಮಾಪಕರೂ ರಿಷಬ್ ಶೆಟ್ಟಿಯೇ. ನಿರ್ದೇಶಕರ ತಂದೆ ಗೋಪಾಲ ಹೆಗಡೆಯವರೇ ಪೆಡ್ರೊ ಪಾತ್ರ ಮಾಡಿದ್ದರು.

ಆದರೆ ತಾರೆಯ ಹೆಸರಿಗೂ ಒಂದು ಮಿತಿ ಇದೆ. ರಕ್ಷಿತ್ ಶೆಟ್ಟಿಯವರ ಸಂಸ್ಥೆ ‘ಏಕಂ’ ಎಂಬ ಕನ್ನಡ ವೆಬ್ ಸರಣಿ ತಯಾರಿಸಿತು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅದರಲ್ಲಿದ್ದರು. ‘777 ಚಾರ್ಲಿ’ ಗೆದ್ದ ನಟನ ಮಾತಿಗೂ ದೊಡ್ಡ ಒಟಿಟಿಗಳು ಬಗ್ಗಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ತಾಣದಲ್ಲಿ ಬಿಡುಗಡೆ ಮಾಡಿಕೊಂಡರು. ನಾವು ಹೊರನಾಡಿನವರು ‘ಥಿಯೇಟರಿಗೆ ಬರದಿದ್ದರೇನಂತೆ, ಮೊಬೈಲಿಗೆ ಬರುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳುತ್ತೇವಲ್ಲ, ಆ ಸಮಾಧಾನಕ್ಕೆ ಗಟ್ಟಿ ಬುಡವಿಲ್ಲ.

ಪುಣೆಯ ಕನ್ನಡ ಬೇರು

ಈ ಕತೆಯ ಒಂದು ಬೇರು ನಮ್ಮ ಲಾ ಕಾಲೇಜು ರಸ್ತೆಯಲ್ಲೇ ಇದೆ. ವಿ. ಶಾಂತಾರಾಮ್ ಮತ್ತು ಗೆಳೆಯರ ಪ್ರಭಾತ್ ಕಂಪನಿ 1933ರಲ್ಲಿ ಕೊಲ್ಹಾಪುರದಿಂದ ಪುಣೆಗೆ ಬಂತು. ಆ ಸ್ಟುಡಿಯೊದ ಜಾಗದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. 1974–75ರಲ್ಲಿ ಅದರ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡ. ಅವರ ಕಾಲದಲ್ಲಿ ವಿದ್ಯಾರ್ಥಿಗಳ ಮುಷ್ಕರ ನಡೆಯಿತು. ಮುಷ್ಕರದಲ್ಲಿದ್ದ ನಾಸಿರುದ್ದೀನ್ ಶಾ ಅವರ ಹೆಸರನ್ನು ಶ್ಯಾಮ್ ಬೆನೆಗಲ್‌ರ ‘ನಿಶಾಂತ್’ಗೆ ಸೂಚಿಸಿದವರೂ ಕಾರ್ನಾಡರೇ. ಜಗಳ ಒಂದು ಕಡೆ, ಪ್ರತಿಭೆಯ ಲೆಕ್ಕ ಇನ್ನೊಂದು ಕಡೆ. ಸ್ವತಃ ಕಾರ್ನಾಡರು ‘ಸಂಸ್ಕಾರ’ದ ಪ್ರಾಣೇಶಾಚಾರ್ಯರಾಗಿ ಹೊಸ ಅಲೆಯ ಚಿತ್ರದಲ್ಲೂ ಇದ್ದರು, ಜಬ್ಬಾರ್ ಪಟೇಲರ ಮರಾಠಿ ‘ಉಂಬರ್ಠಾ’ದಲ್ಲೂ ಇದ್ದರು, ದಶಕಗಳ ನಂತರ ಸಲ್ಮಾನ್ ಖಾನ್ ಚಿತ್ರದಲ್ಲೂ ಕಂಡರು. ಎರಡು ಲೋಕಗಳ ನಡುವೆ ಬೇಲಿ ಇದೆಯೆಂದು ಅವರಿಗೆ ಯಾವತ್ತೂ ಅನ್ನಿಸಿದಂತಿಲ್ಲ.

1975ರಲ್ಲಿ ಇಲ್ಲಿಂದ ಪದಕ ಹಿಡಿದು ಹೊರಬಿದ್ದವರು ಗಿರೀಶ ಕಾಸರವಳ್ಳಿ. ಎರಡು ವರ್ಷದಲ್ಲಿ ‘ಘಟಶ್ರಾದ್ಧ’. ಆ ಚಿತ್ರದ ನಿರ್ಮಾಪಕರು ಯಾರು ಗೊತ್ತೆ? ಸದಾನಂದ ಸುವರ್ಣ. ಮುಂಬೈಯ ಕನ್ನಡ ರಂಗಭೂಮಿಯಲ್ಲಿ ದಶಕಗಳ ಕಾಲ ದುಡಿದ, ಮೂಲ್ಕಿ ಕಡೆಯಿಂದ ಹೋದ ನಾಟಕಕಾರ. ಎಂದರೆ ಕನ್ನಡದ ಹೊಸ ಅಲೆಯ ಅತ್ಯಂತ ಗಟ್ಟಿ ಚಿತ್ರಗಳಲ್ಲೊಂದರ ಹಿಂದೆ ನಮ್ಮಂತೆಯೇ ಊರು ಬಿಟ್ಟು ಹೋದವರೊಬ್ಬರ ಧೈರ್ಯವಿತ್ತು. 2024ರಲ್ಲಿ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಆ ಕೆಲಸದಲ್ಲಿ ಕೈಜೋಡಿಸಿದ ಸಂಸ್ಥೆಗಳಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಒಂದು. ಅದನ್ನು ನೋಡಲು ಸುವರ್ಣರು ಇರಲಿಲ್ಲ. ಅದೇ ವರ್ಷ ಜುಲೈನಲ್ಲಿ ಅವರು ತೀರಿಕೊಂಡಿದ್ದರು.

ಶಂಕರ್‌ನಾಗ್ ಅವರಿಗೂ ಪುಣೆಗೂ ಒಂದು ನಂಟಿದೆ. ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಗಂಡುಗಲಿಯಾಗಿ ಹೆಸರು ಮಾಡಿದ ಹೊತ್ತಿನಲ್ಲೇ ಅವರು ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಪಾಲುಗೊಂಡರು. ಗಣೇಶಖಿಂಡ್ ರಸ್ತೆಯಲ್ಲಿ ಚಾಫೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದ ದಿನವದು. ಊರಿನ ಆಟೊಗಳ ಹಿಂದೆ ಇವತ್ತಿಗೂ ನಗುವ ಶಂಕ್ರಣ್ಣ, ನಾವು ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ರಸ್ತೆಯ ಕತೆಯನ್ನೂ ಬರೆದಿದ್ದರು.

ಇದೆಲ್ಲ ಹಳೆಯ ಮಾತು ಅನ್ನುವವರಿಗೆ ಹೊಸದೊಂದು. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ‘ಲಾ ಸಿನೆಫ್’ನಲ್ಲಿ ಮೊದಲ ಬಹುಮಾನ ಗೆದ್ದದ್ದು ಕನ್ನಡದ ಕಿರುಚಿತ್ರ. ಅಜ್ಜಿಯೊಬ್ಬಳು ಕೋಳಿ ಕದ್ದೊಯ್ದು ಊರಿಗೆ ಬೆಳಗೇ ಆಗದಂತಾಗುವ ಜನಪದ ಕತೆ ಅದು. ನಿರ್ದೇಶಕ ಚಿದಾನಂದ ಎಸ್. ನಾಯ್ಕ್ ಮೈಸೂರಿನವರು, ಓದಿದ್ದು ವೈದ್ಯಕೀಯ, ಆಮೇಲೆ ಸೇರಿದ್ದು ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ. ಛಾಯಾಗ್ರಹಣ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಧ್ವನಿ ಅಭಿಷೇಕ್ ಕದಂ. ಹದಿನಾರು ನಿಮಿಷದ ಚಿತ್ರ, ನಾಲ್ಕು ದಿನದ ಚಿತ್ರೀಕರಣ. ಈ ಹುಡುಗ ಕೆಲವೇ ಕಿಲೋಮೀಟರ್ ದೂರದಲ್ಲಿ ಕನ್ನಡದ ಸಿನಿಮಾ ಮಾಡುತ್ತಿದ್ದಾನೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಕಾನ್‌ನಿಂದ ಸುದ್ದಿ ಬಂದ ಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾವೆಲ್ಲ ಚಪ್ಪಾಳೆಯ ಚಿತ್ರ ಹಾಕಿದೆವು.

ಪರದೆಯ ಲೆಕ್ಕಾಚಾರ

ಸಣ್ಣ ಚಿತ್ರ ನಮ್ಮವರೆಗೆ ಯಾಕೆ ಬರುವುದಿಲ್ಲ ಎಂಬುದಕ್ಕೆ ಯಾರದೋ ದ್ವೇಷ ಕಾರಣವಲ್ಲ, ಲೆಕ್ಕ ಕಾರಣ. ಮಲ್ಟಿಪ್ಲೆಕ್ಸ್‌ನಲ್ಲಿ ಮೊದಲ ವಾರದ ಗಳಿಕೆಯಲ್ಲಿ ಹೆಚ್ಚುಕಡಿಮೆ ಅರ್ಧ ವಿತರಕನಿಗೆ ಸೇರುತ್ತದೆ. ವಾರ ಕಳೆದಂತೆ ಅವನ ಪಾಲು ಇಳಿಯುತ್ತಾ ಹೋಗುತ್ತದೆ. ತಾರೆಯ ಚಿತ್ರಕ್ಕೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಮೂರೇ ದಿನದಲ್ಲಿ ಬಾಚಿಕೊಂಡು ಹೋಗಬಹುದು. ಬಾಯಿಂದ ಬಾಯಿಗೆ ಹಬ್ಬಿ ಎರಡನೇ ವಾರ ಜನ ಸೇರಿಸುವ ಚಿತ್ರಕ್ಕೆ, ಜನ ಬರುವ ಹೊತ್ತಿಗೆ ಪಾಲು ಕಡಿಮೆಯಾಗಿರುತ್ತದೆ, ಪರದೆಯೂ ಬೇರೆಯವರಿಗೆ ಹೋಗಿರುತ್ತದೆ. ಇದರ ಜತೆಗೆ ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ ಬೇರೆ ಇರುತ್ತದೆ. ಐನೂರು ಜನ ಬಂದರೂ ಐವತ್ತು ಜನ ಬಂದರೂ ಕಟ್ಟಬೇಕಾದ ಹಣ ಅದು. ಪುಣೆಯಲ್ಲಿ ಬೆಳಗಿನ ಒಂದು ಆಟಕ್ಕೆ ಇಪ್ಪತ್ತು ಕನ್ನಡಿಗರು ಬಂದರೆ ಆ ನಿರ್ಮಾಪಕನ ಕೈಗೆ ಹತ್ತುವುದೇನು ಎಂದು ನೀವೇ ಯೋಚಿಸಿ.

ಸರ್ಕಾರಗಳು ಕೈ ಹಾಕಿವೆ. ಮಹಾರಾಷ್ಟ್ರ 2015ರಲ್ಲಿ ಮಲ್ಟಿಪ್ಲೆಕ್ಸ್‌ಗಳು ಮರಾಠಿ ಚಿತ್ರಕ್ಕೆ ಒಳ್ಳೆಯ ಹೊತ್ತಿನ ಆಟ ಕೊಡಲೇಬೇಕೆಂದು ಪಟ್ಟು ಹಿಡಿಯಿತು. ಮರುವರ್ಷ ನಾಗರಾಜ ಮಂಜುಳೆಯವರ ‘ಸೈರಾಟ್’ ಬಂದು, ಹೊಸ ಮುಖಗಳನ್ನೇ ಇಟ್ಟುಕೊಂಡು ಮರಾಠಿಯ ಎಲ್ಲ ದಾಖಲೆ ಮುರಿಯಿತು. ಅದರ ಗೆಲುವಿಗೆ ನಿಯಮವೇ ಕಾರಣವೆಂದು ನಾನು ಹೇಳುತ್ತಿಲ್ಲ; ಆದರೆ ಜನ ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು. ಕರ್ನಾಟಕ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಇಲ್ಲಿ ಕನ್ನಡ ಚಿತ್ರದ ಪರವಾಗಿ ಯಾವ ಸರ್ಕಾರವೂ ನಿಲ್ಲುವುದಿಲ್ಲ, ನಿಲ್ಲಬೇಕೆಂದು ಕೇಳುವ ಹಕ್ಕೂ ನಮಗಿಲ್ಲ. ನಮ್ಮ ಪಾಲಿಗೆ ಉಳಿದಿರುವುದು ನಾವೇ.

ಲೆಕ್ಕ ತಲೆಕೆಳಗಾದದ್ದೂ ಉಂಟು. 2025ರ ಜುಲೈ 25ರಂದು ಬಂದ ‘ಸು ಫ್ರಮ್ ಸೋ’ ಚಿತ್ರದಲ್ಲಿ ಮಾಮೂಲಿ ಅರ್ಥದ ಹೀರೊ ಇಲ್ಲ. ನಿರ್ದೇಶಕ ಜೆ.ಪಿ. ತುಮಿನಾಡು ತಾವೇ ಮುಖ್ಯ ಪಾತ್ರ ಮಾಡಿದರು. ಅವರ ಹೆಸರಿನಲ್ಲಿರುವ ತುಮಿನಾಡು ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯ ಊರು. ನಿರ್ಮಾಪಕ ರಾಜ್ ಬಿ. ಶೆಟ್ಟಿ ತಮಗೆ ಸಣ್ಣ ಪಾತ್ರ ಇಟ್ಟುಕೊಂಡು ಪಕ್ಕಕ್ಕೆ ನಿಂತರು. ಕರಾವಳಿಯ ಹಳ್ಳಿಯೊಂದರ ದೆವ್ವದ ಗುಮಾನಿ, ನಗು, ಕೊನೆಗೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ನೋವು. ಕೆಲವೇ ಕೋಟಿಯ ಚಿತ್ರ ನೂರು ಕೋಟಿ ದಾಟಿತು. ಅದನ್ನು ದಾಟಿಸಿದ್ದು ಯಾರದೋ ಕಟೌಟ್ ಅಲ್ಲ. ನೋಡಿದವರು ಮನೆಗೆ ಹೋಗಿ ಅಣ್ಣನಿಗೆ, ಅಕ್ಕನಿಗೆ ಮಾಡಿದ ಫೋನ್.

ತಾರೆಗಳ ನೆರಳು

ತಾರಾಪಟ್ಟಕ್ಕೆ ಇನ್ನೊಂದು ಮುಖ ಇದೆ, ಅದನ್ನು ಹೇಳದೆ ಹೋದರೆ ಮಾತು ಅರ್ಧವಾದೀತು. 2024ರ ಜನವರಿ 8, ಯಶ್ ಅವರ ಹುಟ್ಟುಹಬ್ಬ. ಹಿಂದಿನ ರಾತ್ರಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಅವರ ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ವಿದ್ಯುತ್ ತಗುಲಿ ಸತ್ತರು. ಯಶ್ ಆ ಮನೆಗಳಿಗೆ ಹೋಗಿ ಬಂದರು. ಬಸ್ ಚಾಲಕನ ಮಗ, ‘ಬೆನಕ’ ತಂಡದಲ್ಲಿ ತೆರೆಮರೆಯ ಕೆಲಸ ಮಾಡಿ, ಧಾರಾವಾಹಿಯಲ್ಲಿ ದುಡಿದು ಮೇಲೆ ಬಂದ ನಟ ಅವರು. ತಮ್ಮಂತಹ ಮನೆಯಿಂದ ಬಂದವನೊಬ್ಬ ಅಷ್ಟು ಎತ್ತರಕ್ಕೆ ಏರಿದ್ದಾನೆ ಎಂಬುದೇ ಆ ಹುಡುಗರನ್ನು ಕಟೌಟ್‌ನ ಹತ್ತಿರ ಎಳೆದಿರಬೇಕು. ಅಭಿಮಾನ ಅಂದರೆ ಹುಚ್ಚು ಎಂದು ಮೆಟ್ರೊ ಊರುಗಳಲ್ಲಿ ಕೂತು ನಗುವುದು ಸುಲಭ. ಅದರ ಬೇರಲ್ಲಿ ಇರುವುದು ಕನಸು.

ಆ ಕನಸನ್ನೇ ವಸ್ತುವಾಗಿಸಿಕೊಂಡ ಚಿತ್ರ ‘ಲೂಸಿಯಾ’. ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ ಕನಸಿನಲ್ಲಿ ಸೂಪರ್‌ಸ್ಟಾರ್. ನೀನಾಸಂನಲ್ಲಿ ಕಲಿತ ಸತೀಶ್ ಎರಡೂ ಪಾತ್ರ ಮಾಡಿದರು. ನಿರ್ದೇಶಕ ಪವನ್ ಕುಮಾರ್‌ಗೆ ನಿರ್ಮಾಪಕ ಸಿಗದಿದ್ದಾಗ ಜನರನ್ನೇ ಕೇಳಿದರು. ಒಂದು ತಿಂಗಳೊಳಗೆ ನೂರಕ್ಕೂ ಹೆಚ್ಚು ಮಂದಿ ಅರ್ಧ ಕೋಟಿಯಷ್ಟು ಹಣ ಕೂಡಿಸಿಕೊಟ್ಟರು. 2013ರಲ್ಲಿ ಲಂಡನ್‌ನ ಭಾರತೀಯ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರೇಕ್ಷಕರ ಪ್ರಶಸ್ತಿ ಬಂತು. 1977ರಲ್ಲಿ ಮುಂಬೈಯ ಒಬ್ಬ ಸುವರ್ಣರು ಮಾಡಿದ್ದನ್ನು 2013ರಲ್ಲಿ ನೂರು ಮಂದಿ ಸೇರಿ ಮಾಡಿದರು, ಅಷ್ಟೆ.

ಸಣ್ಣ ಚಿತ್ರವೂ ತಾರೆಗಳನ್ನು ಹುಟ್ಟಿಸುತ್ತದೆ. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಗೆದ್ದು 2016ರಲ್ಲಿ ಬಿಡುಗಡೆಯಾದಾಗ ಮಂಡ್ಯದ ನೊದೆಕೊಪ್ಪಲಿನ ರೈತ ಚನ್ನೇಗೌಡರು ನಾಡಿಗೆಲ್ಲ ‘ಗಡ್ಡಪ್ಪ’ ಆದರು. ಮೇಕಪ್ ಇಲ್ಲ, ಫೈಟ್ ಇಲ್ಲ. ಬೀಡಿ, ಬ್ರಾಂದಿ, ಸುಮ್ಮನೆ ನಡೆಯುವ ನಡಿಗೆ. ಆಮೇಲೆ ವಾಣಿಜ್ಯ ಚಿತ್ರಗಳು ಅವರನ್ನೂ ‘ಸೆಂಚುರಿ ಗೌಡ’ರನ್ನೂ ಕರೆದುಕೊಂಡು ಹೋದವು. ಹೆಸರಿಲ್ಲದ ಮುಖಗಳನ್ನು ಪ್ರೀತಿಸಬಲ್ಲೆವು ಎಂದು ಕನ್ನಡ ಪ್ರೇಕ್ಷಕ ತೋರಿಸಿಕೊಟ್ಟಾಗಿದೆ. ಮುಖ ಕಣ್ಣಿಗೆ ಬೀಳಬೇಕು, ಅಷ್ಟೇ ಬೇಕಾದದ್ದು.

ಈಗ ನಮ್ಮ ಮನೆಯ ಮಾತು

ನವೆಂಬರ್ ಬಂದರೆ ನಮ್ಮ ಊರಿನಲ್ಲಿ ರಾಜ್ಯೋತ್ಸವದ ಸಭೆ ಶುರುವಾಗುತ್ತದೆ. ಯಾವ ನಟರನ್ನು ಕರೆಸಬೇಕು, ವಿಮಾನದ ಟಿಕೆಟ್ ಎಷ್ಟು, ಹೋಟೆಲ್ ಯಾವುದು ಎಂಬ ಚರ್ಚೆಯಲ್ಲಿ ನಾನೂ ಕೂತಿದ್ದೇನೆ. ಕರೆಸುವುದು ತಪ್ಪಲ್ಲ. ಮಕ್ಕಳು ಅವರ ಜತೆ ಫೋಟೊ ತೆಗೆಸಿಕೊಳ್ಳುತ್ತಾರೆ, ಆ ಒಂದು ದಿನ ಕನ್ನಡ ಅವರಿಗೆ ಅಪ್ಪ-ಅಮ್ಮನ ಭಾಷೆ ಮಾತ್ರ ಅಲ್ಲ ಅನ್ನಿಸುತ್ತದೆ. ನನ್ನ ಸಲಹೆ ಇಷ್ಟೇ: ಆ ಖರ್ಚಿನ ಪಕ್ಕದಲ್ಲಿ ಒಂದು ಸಣ್ಣ ಸಾಲು ಬರೆಯೋಣ. ಒಂದು ಭಾನುವಾರದ ಸಂಜೆ, ಒಂದು ಸಭಾಂಗಣ, ಒಂದು ಸಣ್ಣ ಚಿತ್ರ. ಮಾಡಿದವರ ಅನುಮತಿ ಕೇಳಿ, ಹಣ ಕೊಟ್ಟು, ಸಾಧ್ಯವಾದರೆ ಅವರನ್ನೇ ಕರೆಸಿ ತೋರಿಸೋಣ. ಲಾ ಕಾಲೇಜು ರಸ್ತೆಯಲ್ಲಿ ಕಲಿಯುತ್ತಿರುವ ಕನ್ನಡದ ಹುಡುಗ-ಹುಡುಗಿಯರನ್ನು ಮನೆಯ ಊಟಕ್ಕೆ ಕರೆಯೋಣ.

ಯಾವ ಚಿತ್ರದಿಂದ ಶುರು ಮಾಡುವುದು ಎಂದು ಕೇಳುವವರಿಗೆ ನನ್ನ ಉತ್ತರ ಸುಮಂತ್ ಭಟ್ ಅವರ ‘ಮಿಥ್ಯ’. 2025ರ ಮಾರ್ಚ್‌ನಲ್ಲಿ ಬಂದ ಚಿತ್ರ, ನಿರ್ಮಾಣ ರಕ್ಷಿತ್ ಶೆಟ್ಟಿಯವರದು. ಮುಂಬೈಯಲ್ಲಿ ಬೆಳೆದ ಹನ್ನೊಂದು ವರ್ಷದ ಹುಡುಗ, ಅಪ್ಪ-ಅಮ್ಮನನ್ನು ಕಳೆದುಕೊಂಡು ಉಡುಪಿಯ ಬಂಧುಗಳ ಮನೆಗೆ ಬರುತ್ತಾನೆ. ಹೆತ್ತವರ ಊರು ಅವನಿಗೆ ಪರಊರು. ಪುಣೆಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಯಾವ ಕನ್ನಡದ ತಾಯಿತಂದೆಗೂ ಇದರ ಕತೆ ಬಿಡಿಸಿ ಹೇಳಬೇಕಾಗಿಲ್ಲ. ರಾಕಿ ಭಾಯ್ ನಮ್ಮ ಮಕ್ಕಳಿಗೆ ಕನ್ನಡದ ಗರ್ವ ಕೊಟ್ಟಿದ್ದಾನೆ, ಅದಕ್ಕೆ ಋಣಿಯಾಗಿರೋಣ. ಅವರ ಒಳಗಿನ ಮಾತನ್ನು ಕನ್ನಡದಲ್ಲಿ ಆಡುವ ಚಿತ್ರವೂ ಒಂದಿದೆ ಎಂದು ತೋರಿಸುವ ಕೆಲಸ ಮಾತ್ರ ಯಶ್ ಅವರದಲ್ಲ, ರಿಷಬ್ ಅವರದಲ್ಲ. ಅದು ನಮ್ಮದು, ಅದಕ್ಕೆ ಬೇಕಾಗಿರುವುದು ಐವತ್ತು ಕುರ್ಚಿ, ಒಂದು ಪ್ರೊಜೆಕ್ಟರ್.